ಹಂಸವೂ ಕೆಸರೂ: ಕಾವ್ಯದ ಪ್ರಕೃತಿ ಮತ್ತು ಠಾಣೆಯ ಖಾಡಿ

ಕನ್ನಡ ಕಾವ್ಯದಲ್ಲಿ ಪ್ರಕೃತಿಗೆ ದೊರೆತ ಸ್ಥಾನ ಬಹು ಗೌರವದ್ದೆಂದು ಮೇಲುನೋಟಕ್ಕೆ ತೋರುತ್ತದೆ. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರು. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳು ಆ ಪಟ್ಟಿಯಲ್ಲಿ ಸೇರಿದವು. ಕವಿಗಳು ವಿಧಿಯನ್ನು ಪಾಲಿಸಿದರು. ಪ್ರತಿಭಾವಂತರು ಅದನ್ನು ಮೀರಿಯೂ ನಡೆದರು. ಆದರೆ ವರ್ಣನೆಯೊಳಗೆ ಸ್ಥಾನ ಪಡೆಯುವುದು ಬೇರೆ, ಕಥೆಯೊಳಗೆ ಬಾಳುವುದು ಬೇರೆ. ವರ್ಣನೆಗೆ ಬಂದ ಹಕ್ಕಿ ಏನನ್ನು ತಿಂದು ಬದುಕಿತು, ಎಲ್ಲಿ ಮೊಟ್ಟೆಯಿಟ್ಟಿತು, ಆ ನೀರು ಬತ್ತಿದರೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳನ್ನು ಕಾವ್ಯ ಕೇಳಲಿಲ್ಲ, ವಿಮರ್ಶೆಯೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಅಂದು ಇರಲಿಲ್ಲವೆನ್ನಬಹುದು. ಹಕ್ಕಿಗೂ ನೀರಿಗೂ ಕೊರತೆಯಿಲ್ಲದ ಕಾಲವದು. ಇಂದು ಆ ಮಾತನ್ನು ಹೇಳುವಂತಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಪಕ್ಷಿಧಾಮ ಎಂಬ ಹೆಸರುಗಳಲ್ಲಿ ಕಾಯ್ದೆಯ ಗೆರೆ ಎಳೆದು ಪ್ರಾಣಿಗಳನ್ನು ಉಳಿಸಿಕೊಳ್ಳಬೇಕಾದ ಕಾಲದಲ್ಲಿ, ಆ ಗೆರೆಯನ್ನು ಎಳೆಯುವ ಮನಸ್ಸು ಎಂತಹ ಸಾಹಿತ್ಯದಿಂದ ರೂಪುಗೊಂಡಿದೆ ಎಂಬುದು ವಿಮರ್ಶೆಯ ವಿಷಯವೇ ಆಗುತ್ತದೆ.

ಈ ವಿಚಾರವನ್ನು ಪರೀಕ್ಷಿಸಲು ಮಲೆನಾಡಿನವರೆಗೆ ಹೋಗಬೇಕಾಗಿಲ್ಲ. ಠಾಣೆಯ ಕೋಪರಿ ಸಾಕು. ಪಶ್ಚಿಮಕ್ಕೆ ರೈಲುದಾರಿ, ಪೂರ್ವಕ್ಕೆ ಖಾಡಿ. ಇವೆರಡರ ನಡುವಣ ಈ ಬಡಾವಣೆಯಲ್ಲಿ ಅನೇಕ ಕನ್ನಡ ಕುಟುಂಬಗಳು ನೆಲಸಿವೆ. ಇಲ್ಲಿನ ಒಂದು ರಸ್ತೆಗೆ ಮೀಠ್ ಬಂದರ್ ರಸ್ತೆಯೆಂದು ಹೆಸರು. ಮೀಠ್ ಎಂದರೆ ಉಪ್ಪು. ಖಾಡಿಯ ಅಂಚಿನ ಆಗರಗಳಲ್ಲಿ ಬೆಳೆದ ಉಪ್ಪು ದೋಣಿಯೇರುತ್ತಿದ್ದ ಕಾಲದ ನೆನಪನ್ನು ಆ ಹೆಸರು ಉಳಿಸಿಕೊಂಡಿದೆ. ಹತ್ತಿರದ ಚೇಂದಣಿಯಲ್ಲಿ ಕೋಳಿ ಬೆಸ್ತರ ಹಳೆಯ ವಾಡಿಯಿದೆ. ಹೆಸರು ಉಳಿದು ಕಸುಬು ಮರೆಯಾಗುತ್ತ ಬಂದ ಈ ದಂಡೆಯ ದಕ್ಷಿಣಕ್ಕೆ, ಐರೋಲಿಯ ಸೇತುವೆಯಿಂದ ವಾಶಿಯ ಸೇತುವೆಯವರೆಗಿನ ಖಾಡಿಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ‘ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ’ವೆಂದು ಘೋಷಿಸಿತು. ಅದರ ವಿಸ್ತಾರ ಸುಮಾರು 1,690 ಹೆಕ್ಟೇರು. ಅರ್ಧಕ್ಕಿಂತ ತುಸು ಹೆಚ್ಚು ಕಾಂಡ್ಲಾ ಕಾಡು, ಉಳಿದುದು ನೀರು. 2022ರಲ್ಲಿ ಈ ಅಭಯಾರಣ್ಯವೂ ಅದರ ಸುತ್ತಣ ಪ್ರದೇಶವೂ ಸೇರಿ ಸುಮಾರು 6,521 ಹೆಕ್ಟೇರು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಇರಾನಿನ ರಾಮ್ಸಾರಿನಲ್ಲಿ 1971ರಲ್ಲಿ ಆದ ಆ ಒಪ್ಪಂದ, ಜಗತ್ತಿನ ಮುಖ್ಯ ಜೌಗುನೆಲಗಳನ್ನು ಗುರುತಿಸಿ ಕಾಪಾಡುವ ಉದ್ದೇಶದ್ದು.

ಫ್ಲೆಮಿಂಗೊವನ್ನು ಕನ್ನಡದಲ್ಲಿ ರಾಜಹಂಸವೆಂದು ಕರೆಯುವ ವಾಡಿಕೆಯುಂಟು. ಹೆಸರು ಬಂದೊಡನೆ ಅದರ ಹಿಂದೆ ಕವಿಸಮಯದ ಪರಿವಾರವೇ ಬರುತ್ತದೆ. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ. ತಾವರೆಯ ದಂಟನ್ನು ಮೇಯುತ್ತದೆ. ಮಳೆಗಾಲ ಬಂತೆಂದರೆ ಮಾನಸ ಸರೋವರಕ್ಕೆ ತೆರಳುತ್ತದೆ. ಕಾಳಿದಾಸನ ಮೇಘದ ಜೊತೆಗೂ ರಾಜಹಂಸಗಳು ಕೈಲಾಸದ ದಿಕ್ಕಿಗೆ ಹಾರುತ್ತವೆ. ಕಾವ್ಯದ ಈ ಹಂಸ ಯಾವ ಹಕ್ಕಿ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಹಿಮಾಲಯದಾಚೆಯ ಸರೋವರಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವ ಪಟ್ಟೆತಲೆಯ ಹೆಬ್ಬಾತೇ ಅದು ಎನ್ನುವವರಿದ್ದಾರೆ. ಅವರ ಮಾತು ನಿಜವಾದರೆ ಕನ್ನಡಿಗರು ಸಂತೋಷಪಡತಕ್ಕ ಒಂದು ಸಂಗತಿಯಿದೆ. ಪಂಪ ತನ್ನ ನುಡಿಯ ನೆಲೆಯೆಂದು ಹೇಳಿಕೊಂಡ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರ. ಅದಕ್ಕೆ ಹತ್ತಿರದ ಮಾಗಡಿ ಕೆರೆಗೆ ಆ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿಯೂ ಬಂದಿಳಿಯುತ್ತವೆ. ಆ ಕೆರೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ.

ಠಾಣೆಯ ರಾಜಹಂಸ ಈ ಹೆಬ್ಬಾತಿಗಿಂತ ತೀರ ಬೇರೆಯಾದ ಹಕ್ಕಿ. ಅದರ ಬದುಕನ್ನು ಕವಿಸಮಯದ ಪಕ್ಕದಲ್ಲಿಟ್ಟು ನೋಡಿದರೆ ವಿಚಿತ್ರವಾದ ಹೊಂದಿಕೆಯೂ ಅಷ್ಟೇ ವಿಚಿತ್ರವಾದ ವಿರೋಧವೂ ಕಾಣಿಸುತ್ತವೆ. ಈ ಹಕ್ಕಿಯೂ ಬೇರ್ಪಡಿಸುತ್ತದೆ. ಬಾಗಿದ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಗೆಯಿಂದ ಕೆಸರುನೀರನ್ನು ಒಳಗೆಳೆದು, ಕೊಕ್ಕಿನ ಅಂಚಿನ ಬಾಚಣಿಗೆಯಂಥ ಎಳೆಗಳಲ್ಲಿ ಸೋಸಿ, ಆಹಾರವನ್ನು ಉಳಿಸಿಕೊಂಡು ನೀರನ್ನು ಹೊರಚೆಲ್ಲುತ್ತದೆ. ಕಿರಿಯ ರಾಜಹಂಸ ಹೀಗೆ ಸೋಸಿಕೊಳ್ಳುವುದು ಮುಖ್ಯವಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು. ಹಿರಿಯ ರಾಜಹಂಸ ಸಣ್ಣ ಸಿಗಡಿ, ಚಿಪ್ಪುಹುಳು ಮೊದಲಾದವನ್ನೂ ತಿನ್ನುತ್ತದೆ. ಅದರ ಮೈಯ ಗುಲಾಬಿ ಬಣ್ಣ ಹುಟ್ಟಿನಿಂದ ಬಂದುದಲ್ಲ, ಈ ಆಹಾರದಿಂದ ಬಂದುದು, ಮರಿಗಳು ಬೂದುಬಣ್ಣದವು. ಮಳೆಗಾಲದ ಮೊದಲಿಗೆ ಇದೂ ಹೊರಡುತ್ತದೆ. ಹೋಗುವುದು ಮಾನಸಕ್ಕಲ್ಲ, ಕಚ್ಛದ ರಣದ ಉಪ್ಪುನೆಲಕ್ಕೆ. ಅಲ್ಲಿ ಸಾವಿರಾರು ಹಕ್ಕಿಗಳು ಒಟ್ಟಾಗಿ ಮಣ್ಣಿನ ಗೂಡು ಕಟ್ಟುವ ಸ್ಥಳವನ್ನು ಸಾಲಿಂ ಅಲಿಯವರು ಕಳೆದ ಶತಮಾನದ ನಡುವಣ ದಶಕಗಳಲ್ಲಿ ಅಧ್ಯಯನ ಮಾಡಿ ಲೋಕಕ್ಕೆ ತಿಳಿಸಿದರು.

ಈ ಹಕ್ಕಿ ಮುಂಬಯಿಯ ಖಾಡಿಗೆ ಸಾವಿರಗಟ್ಟಲೆಯಾಗಿ ಬರತೊಡಗಿದುದು 1990ರ ದಶಕದಿಂದೀಚೆಗೆ. ಕೆಲವು ವರ್ಷಗಳಲ್ಲಿ ಲಕ್ಷಕ್ಕೂ ಮೀರಿ ಎಣಿಕೆಯಾದುದುಂಟು. ನಗರದ ಕೊಳಚೆನೀರು ಹೊತ್ತು ತಂದ ಸಾರದಿಂದ ಖಾಡಿಯಲ್ಲಿ ಪಾಚಿ ಹೆಚ್ಚಿದುದೂ ಅದಕ್ಕೆ ಒಂದು ಕಾರಣವಿರಬೇಕೆಂದು ಬಲ್ಲವರ ಅಭಿಪ್ರಾಯ. ಹಂಸವೆಂದರೆ ಶುಚಿತ್ವದ, ವಿವೇಕದ, ಆತ್ಮದ ಪ್ರತಿಮೆ. ಇಲ್ಲಿಯ ಹಂಸದ ಬಣ್ಣವೋ ಪಾಚಿಯಿಂದ ಬಂದುದು. ಆ ಪಾಚಿಯೋ ಊರಿನ ಕೊಳೆಯಿಂದಲೂ ಪುಷ್ಟಿಗೊಂಡುದು. ಕೊಳೆ ಹಿತವೆಂದು ಇದರಿಂದ ತಿಳಿಯಬಾರದು. ಅದೇ ಕೊಳೆ ಒಂದು ಮಿತಿಯನ್ನು ದಾಟಿದರೆ ನೀರಿನ ಉಸಿರನ್ನೇ ಕಟ್ಟುತ್ತದೆ. ಮೀನು ಹಿಡಿದು ಬದುಕುವವರಿಗೆ ಅದು ಇಂದೇ ಅಹಿತವಾಗಿದೆ. ಇಷ್ಟನ್ನು ಮಾತ್ರ ಒಪ್ಪಿಕೊಳ್ಳಬೇಕು: ಹಕ್ಕಿಯನ್ನು ಕೆಸರಿನಿಂದ ಬೇರ್ಪಡಿಸಿ ನೋಡುವ ಕಣ್ಣು ಹಕ್ಕಿಯನ್ನೂ ಸರಿಯಾಗಿ ನೋಡಲಾರದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯ ತಿಳಿವಳಿಕೆ ಕವಿಸಮಯದಲ್ಲಿ ಇರಲಿಲ್ಲ. ಪಂಕಜವೆಂದು ಹೆಸರಿಟ್ಟು ಪಂಕವನ್ನು ಮರೆತುದು ನಮ್ಮ ಕಾವ್ಯದ ಹಳೆಯ ಅಭ್ಯಾಸ.

ಹಳಗನ್ನಡ ಮತ್ತು ನಡುಗನ್ನಡದ ಕವಿಗಳು ಕಾಡಿನ ಪ್ರಾಣಿಯನ್ನು ಹತ್ತಿರದಿಂದ ಕಂಡುದು ಹೆಚ್ಚಾಗಿ ಬೇಟೆಯ ಸಂದರ್ಭದಲ್ಲಿ. ರಾಘವಾಂಕನ ಹರಿಶ್ಚಂದ್ರನು ಬೇಟೆಗೆ ಹೊರಟುದರಿಂದಲೇ ವಿಶ್ವಾಮಿತ್ರನ ಆಶ್ರಮವನ್ನು ತಲುಪುತ್ತಾನೆ. ಕಥೆಯ ದುರಂತಕ್ಕೆ ಬೇಟೆಯೇ ಬಾಗಿಲು. ಆ ಭಾಗದ ಕಸುವು ಅಸಾಧಾರಣವಾದುದು. ಆದರೂ ಅಲ್ಲಿನ ಮೃಗ ದೊರೆಯ ಪರೀಕ್ಷೆಗೆ ಒಂದು ನೆಪ ಮಾತ್ರ. ಪುಣ್ಯಕೋಟಿಯ ಕಥನಗೀತೆಯಲ್ಲಿ ಹುಲಿಗೆ ಹೆಸರಿದೆ, ಹಸಿವಿದೆ, ಮಾತಿದೆ. ಕೊನೆಗೆ ಅದು ತನ್ನ ಹಸಿವಿಗೆ ನಾಚಿ ಪ್ರಾಣ ಬಿಡುತ್ತದೆ. ಸತ್ಯದ ಮಹಿಮೆಯನ್ನು ಸಾರುವ ಕಥೆಯಾಗಿ ಅದು ಕನ್ನಡದ ಮನೆಮನೆಗೂ ಪ್ರಿಯವಾದುದು ಸಹಜವೇ. ಆದರೆ ಹುಲಿ ಹುಲಿಯಾಗಿ ಬಾಳುವುದಕ್ಕೆ ಆ ಬೆಟ್ಟದಲ್ಲಿ ಎಡೆಯಿಲ್ಲ. ಸಾಧುವಾಗಬೇಕು, ಇಲ್ಲವೆ ಸಾಯಬೇಕು.

ಈ ದೃಷ್ಟಿ ಬದಲಾದುದು ಕಾದಂಬರಿಯ ಕಾಲದಲ್ಲಿ. ಶಿವರಾಮ ಕಾರಂತರ ‘ಬೆಟ್ಟದ ಜೀವ’ದ ಗೋಪಾಲಯ್ಯನವರು ಕಾಡನ್ನು ಕಡಿದು ತೋಟ ಮಾಡಿದವರು, ಕಾಡುಪ್ರಾಣಿಗಳೊಡನೆ ಸೆಣಸಿದವರು. ಸಂರಕ್ಷಣೆಯ ಮಾತು ಅಲ್ಲಿಲ್ಲ. ಆದರೆ ಬೆಟ್ಟಕ್ಕೂ ಮನುಷ್ಯನಿಗೂ ನಡುವಣ ಕೊಡುಕೊಳ್ಳುವಿಕೆಯ ಲೆಕ್ಕ ಅಲ್ಲಿ ಮೊದಲ ಬಾರಿಗೆ ಪ್ರಾಮಾಣಿಕವಾಗಿ ಬರೆಯಲ್ಪಟ್ಟಿತು. ಅವರ ‘ಮರಳಿ ಮಣ್ಣಿಗೆ’ ಕಡಲಿಗೂ ಹೊಳೆಗೂ ನಡುವೆ ಬಾಳುವ ಮನೆತನದ ಕಥೆ. ಹೆಂಗಸರ ದುಡಿಮೆಯ ಮೂಲಕ ಕೆಸರು, ಉಪ್ಪುಗಾಳಿ, ಮಳೆಗಳು ಕಥೆಯೊಳಕ್ಕೆ ಬಂದವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಹೊರಬಂದಾಗ, ಗುತ್ತಿಯ ನಾಯಿ ಹುಲಿಯನ ಸಾವಿಗೆ ಮನುಷ್ಯರ ಸಾವಿನಷ್ಟೇ ತೂಕ ದೊರೆಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಾರುವ ಓತಿಯ ಅರಿವು ಮೊದಲು ಇದ್ದುದು ಜೇನು ಹಿಡಿಯುವ ಮಂದಣ್ಣನಲ್ಲಿ. ವಿಜ್ಞಾನಿಯ ದೊಡ್ಡತನ ಆ ಅರಿವನ್ನು ಗುರುತಿಸಿದುದರಲ್ಲಿದೆ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಪ್ರಾಣಿಯನ್ನು ಪಡೆಯದೆಯೂ ಪುರುಷಾರ್ಥವನ್ನು ಪಡೆಯಬಹುದೆಂದು ತೋರಿಸಿದ ಕನ್ನಡ ಕಾದಂಬರಿಗಳಲ್ಲಿ ಅದಕ್ಕೆ ಅಗ್ರಸ್ಥಾನ ಸಲ್ಲಬೇಕು.

ಹೊರನಾಡಿನ ಕನ್ನಡ ಸಾಹಿತ್ಯ ಈ ದಾರಿಯಲ್ಲಿ ಎಷ್ಟು ನಡೆದಿದೆ ಎಂಬುದು ಮುಂದಿನ ಪ್ರಶ್ನೆ. ಮುಂಬಯಿ ಕನ್ನಡದ ಶ್ರೇಷ್ಠ ಕೃತಿಗಳಲ್ಲಿ ಒಂದಾದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಹೆಸರಿನಲ್ಲಿಯೇ ಬೇಟೆಯನ್ನು ಹೊತ್ತಿದೆ. ಅಲ್ಲಿ ಬೇಟೆಯಾಡುವವನೂ ಮನುಷ್ಯ, ಬೇಟೆಗೆ ಸಿಕ್ಕುವವನೂ ಮನುಷ್ಯ. ರಾಸಾಯನಿಕ ಉದ್ಯಮದ ಅಧಿಕಾರಿ ನಾಗಪ್ಪ ತನ್ನವರ ಒಳಸಂಚಿನಲ್ಲಿ ಮೃಗದಂತೆ ಬೆಂಬತ್ತಿಸಿಕೊಳ್ಳುತ್ತಾನೆ. ನಗರದ ಭಯವನ್ನು ಇಷ್ಟು ಆಳವಾಗಿ ಅಗೆದ ಕೃತಿ ಕನ್ನಡದಲ್ಲಿ ವಿರಳ. ಕಾದಂಬರಿಯ ಕೇಂದ್ರ ಮನುಷ್ಯನ ಅಂತರಂಗವಾದುದರಿಂದ ಅದರಲ್ಲಿ ಖಾಡಿಯನ್ನು ಹುಡುಕುವುದು ಅನ್ಯಾಯ. ಆದರೂ ಒಂದು ಮಾತನ್ನು ಗಮನಿಸಬೇಕು. ಅಂತಹ ಉದ್ಯಮಗಳು ಠಾಣೆ-ಬೇಲಾಪುರ ಪಟ್ಟಿಯಲ್ಲಿ 1960ರ ದಶಕದಿಂದ ಖಾಡಿಯ ಪೂರ್ವದಂಡೆಯುದ್ದಕ್ಕೂ ಬೆಳೆದವು. ಅವುಗಳಲ್ಲಿ ದುಡಿದು ಸಂಸಾರ ನಡೆಸಿದ ಕನ್ನಡಿಗರೂ ಉಂಟು. ಆ ಉದ್ಯಮ ಮನುಷ್ಯನಿಗೆ ಮಾಡಿದುದನ್ನು ಕನ್ನಡ ಕಥೆ ಕೇಳಿತು; ನೀರಿಗೆ ಮಾಡಿದುದನ್ನು ಕೇಳುವ ಕಥೆ ಕನ್ನಡದಲ್ಲಿ ಅಪರೂಪವಾಗಿಯೇ ಉಳಿದಿದೆ.

ಇದು ಇನ್ನಷ್ಟು ಆಶ್ಚರ್ಯದ ಸಂಗತಿಯಾಗುವುದು, ಈ ಲೇಖಕರಲ್ಲಿ ಹಲವರು ಎಲ್ಲಿಂದ ಬಂದವರೆಂದು ನೋಡಿದಾಗ. ಚಿತ್ತಾಲರು ಕುಮಟಾ ತಾಲ್ಲೂಕಿನ ಹನೇಹಳ್ಳಿಯವರು; ಮುಂಬಯಿಯ ಬದುಕನ್ನು ಕಥೆಗಳಲ್ಲಿ ಮರುಸೃಷ್ಟಿಸಿದ ಜಯಂತ ಕಾಯ್ಕಿಣಿಯವರು ಗೋಕರ್ಣದವರು. ಎರಡೂ ಅಘನಾಶಿನಿಯ ಅಳಿವೆಗೆ ನೆರೆಯ ಊರುಗಳು. ಅಣೆಕಟ್ಟಿಲ್ಲದೆ ಹರಿಯುವ ಆ ಹೊಳೆಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಉಪ್ಪಿನಾಗರವಿದೆ, ಕಾಂಡ್ಲಾ ಇದೆ, ಉಪ್ಪುನೀರನ್ನು ತಾಳಿಕೊಂಡು ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಯಿದೆ, ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಬಳಚು ಹೆಕ್ಕುವ ಜನರಿದ್ದಾರೆ. ಠಾಣೆಯ ಖಾಡಿಯಲ್ಲಿಯೂ ಉಪ್ಪಿನಾಗರವಿತ್ತು, ಕಾಂಡ್ಲಾ ಇದೆ, ಮರಾಠಿಯಲ್ಲಿ ನಿವಟಿ ಎಂದು ಕರೆಯುವ, ಕೆಸರಿನ ಮೇಲೆ ಕುಪ್ಪಳಿಸುವ ಮೀನಿದೆ, ಇಳಿತದಲ್ಲಿ ಕೆಸರಿಗಿಳಿಯುವ ಕೋಳಿ ಹೆಂಗಸರಿದ್ದಾರೆ. ಕರಾವಳಿಯಿಂದ ಬಂದ ಕನ್ನಡಿಗನಿಗೆ ಈ ನೆಲವನ್ನು ಓದಲು ಬೇಕಾದ ಶಬ್ದಕೋಶವೆಲ್ಲ ಊರಿನಿಂದಲೇ ಬಂದಿತ್ತು. ಆದರೆ ‘ಪ್ರಕೃತಿ’ ಎಂಬ ಸಾಹಿತ್ಯಕ ಪದ ಅವನ ಮನಸ್ಸಿನಲ್ಲಿ ಮಲೆನಾಡಿನ ಹಸುರಿಗೆ ಅಂಟಿಕೊಂಡಿತು. ಊರು ನೆನಪಿಗೆ ಸೇರಿತು, ಖಾಡಿ ರೈಲಿನ ಕಿಟಕಿಯಾಚೆ ಉಳಿಯಿತು. ಹೊರನಾಡಿನ ಸಂಘಗಳ ಸಂಚಿಕೆಗಳಲ್ಲಿ ಬರುವ ಪ್ರಕೃತಿಕವಿತೆಗಳ ಬಹುಭಾಗ ಬಿಟ್ಟುಬಂದ ಊರನ್ನು ಕುರಿತದ್ದು. ಹಂಬಲವೇನೂ ದೋಷವಲ್ಲ. ಆದರೆ ಹಂಬಲವೊಂದೇ ಪ್ರಕೃತಿದೃಷ್ಟಿಯಾದಾಗ, ಕಣ್ಣೆದುರಿನ ನೆಲಕ್ಕೆ ಸಾಕ್ಷಿ ಹೇಳುವವರಿಲ್ಲದಂತಾಗುತ್ತದೆ.

ಸಾಹಿತ್ಯದ ಈ ಕೊರತೆಗೂ ಸಂರಕ್ಷಣೆಯ ವ್ಯವಹಾರಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿರುವುದು ಹೆಸರಿನಲ್ಲಿ. ಅಭಯಾರಣ್ಯವೆಂಬ ಮಾತಿನ ಕಲ್ಪನೆ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಭಯವನವಿದೆ, ಅಲ್ಲಿ ಪ್ರಾಣಿಗಳನ್ನು ಕೊಂದವರಿಗೆ ದಂಡವಿದೆ. ಅಭಯವೆಂದರೆ ಬಲ್ಲಿದನು ಅಬಲನಿಗೆ ಕೊಡುವ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಮಾತಿಗೆ ಆಧುನಿಕ ರೂಪ ಕೊಟ್ಟಿತು. ಖಾಡಿಯ ವಿಷಯದಲ್ಲಿ ಆ ಅಭಯ ಒಂದು ಚೆಲುವಾದ ಅತಿಥಿಯ ಹೆಸರಿನಲ್ಲಿ ಹೊರಟಿದೆ. ಹಕ್ಕಿಯ ಹೆಸರಿಲ್ಲದೆ ಜನರ ಮನಸ್ಸನ್ನೂ ಸರ್ಕಾರದ ಮನಸ್ಸನ್ನೂ ಒಲಿಸುವುದು ಕಷ್ಟವಿತ್ತು ಎಂಬುದು ನಿಜ. ಕೆಸರಿಗಾಗಿ ಅಭಯಾರಣ್ಯ ಬೇಕೆಂದರೆ ನಗುವವರೇ ಹೆಚ್ಚು. ಆದರೆ ವರ್ಷಕ್ಕೆ ಕೆಲವು ತಿಂಗಳು ಬಂದುಹೋಗುವ ಹಕ್ಕಿಯ ಹೆಸರಿನಲ್ಲಿ ಕೊಟ್ಟ ಅಭಯ, ವರ್ಷವಿಡೀ ಅಲ್ಲಿಯೇ ಇರುವ ಕೆಸರಿಗೂ ಏಡಿಗೂ ಬೆಸ್ತನಿಗೂ ಸಲ್ಲುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಉತ್ತರವನ್ನು ಹಕ್ಕಿಯೇ ಕೊಟ್ಟಿದೆ. ರಾಜಹಂಸ ಮೇಯುವುದು ಇಳಿತದಲ್ಲಿ ತೆರೆದ ಕೆಸರುಬಯಲಿನಲ್ಲಿ. ಉಬ್ಬರ ಬಂದು ಬಯಲು ಮುಳುಗಿದಾಗ ಅದಕ್ಕೆ ನಿಲ್ಲಲು ಆಳವಿಲ್ಲದ ಬೇರೆ ನೀರು ಬೇಕು; ಅದಕ್ಕಾಗಿ ನೆರೂಳು, ಸೀವುಡ್ಸ್ ಕಡೆಯ ಕೆರೆಗಳಿಗೆ ಹಾರುತ್ತದೆ. ಆ ಕೆರೆಗಳು 2015ರ ಅಭಯಾರಣ್ಯದ ಗೆರೆಯ ಹೊರಗಿನವು. 2024ರ ಏಪ್ರಿಲಿನಲ್ಲಿ ನೆರೂಳಿನ ಒಂದು ಕೆರೆಯ ಸುತ್ತ ಹಲವು ರಾಜಹಂಸಗಳು ದಿಕ್ಕುತಪ್ಪಿ ಸತ್ತವು. ಕೆರೆಗೆ ಉಬ್ಬರದ ನೀರು ಬರುವ ದಾರಿ ಕಟ್ಟಿಹೋದ ವಿಷಯ ಆಗ ದೊಡ್ಡ ಚರ್ಚೆಯಾಯಿತು. ಅದೇ ಮೇ ತಿಂಗಳಲ್ಲಿ ಘಾಟ್‌ಕೋಪರಿನ ಮೇಲೆ ಇಳಿಯುತ್ತಿದ್ದ ವಿಮಾನವೊಂದಕ್ಕೆ ತಾಗಿ ಸುಮಾರು 39 ಹಕ್ಕಿಗಳು ಒಮ್ಮೆಲೇ ಬಿದ್ದವು. ಮೇಯುವ ತಾಣಕ್ಕೆ ರಕ್ಷಣೆ, ನಿಲ್ಲುವ ತಾಣಕ್ಕಿಲ್ಲ, ನಡುವಣ ಆಕಾಶಕ್ಕಂತೂ ಇಲ್ಲವೇ ಇಲ್ಲ ಎಂದಾದರೆ, ಅದು ಅಸಲನ್ನು ಬಿಟ್ಟು ಬಡ್ಡಿಯನ್ನು ಮಾತ್ರ ಕಾಯ್ದಂತೆ. ಇನ್ನು ಕೋಪರಿಯ ದಂಡೆ ಐರೋಲಿ ಸೇತುವೆಯ ಉತ್ತರದಲ್ಲಿರುವುದರಿಂದ ಅದೂ ಅಭಯಾರಣ್ಯದ ಹೊರಗಣ ನೆಲ. ಆದರೆ ಉಬ್ಬರ ಇಳಿತಗಳು ಸೇತುವೆಯನ್ನು ಗಡಿಯೆಂದು ತಿಳಿಯುವುದಿಲ್ಲ. ಇಲ್ಲಿ ಸುರಿದ ರಾಡಿ ಅಲ್ಲಿ ಹೂಳಾಗುತ್ತದೆ. ಇಲ್ಲಿ ತೇಲಿಬಿಟ್ಟ ಪೂಜೆಯ ನಿರ್ಮಾಲ್ಯದ ಚೀಲ ಅಲ್ಲಿ ಕಾಂಡ್ಲಾದ ಬೇರಿಗೆ ಸುತ್ತಿಕೊಳ್ಳುತ್ತದೆ.

ಇದನ್ನೆಲ್ಲ ಕಂಡು ಗೆರೆಯೇ ನಿರರ್ಥಕವೆಂದು ತೀರ್ಮಾನಿಸುವುದು ಅವಿವೇಕವಾದೀತು. ಕಾಂಡ್ಲಾ ಕಡಿಯುವುದನ್ನು ತಡೆಯಲು ಮುಂಬಯಿ ಉಚ್ಚ ನ್ಯಾಯಾಲಯ 2005ರಲ್ಲಿ ಕೊಟ್ಟ ಮಧ್ಯಂತರ ಆಜ್ಞೆ, 2018ರಲ್ಲಿ ಕೊಟ್ಟ ತೀರ್ಪು, 2015ರ ಘೋಷಣೆ, ಇವು ಇಲ್ಲದಿದ್ದಲ್ಲಿ ಚರ್ಚಿಸಲು ಇಷ್ಟು ಖಾಡಿಯೂ ಉಳಿಯುತ್ತಿರಲಿಲ್ಲ. ಜನರ ಪ್ರೀತಿಯೊಂದೇ ಸಾಕೆಂಬ ಮಾತು ಕೇಳಲು ಇಂಪು. ಚದರಡಿಗೆ ಇಂತಿಷ್ಟು ಸಾವಿರವೆಂದು ನೆಲಕ್ಕೆ ಬೆಲೆ ಕಟ್ಟುವ ನಗರದಲ್ಲಿ ಕಾಯ್ದೆಯಿಲ್ಲದ ಪ್ರೀತಿ ನಿಲ್ಲಲಾರದು. ಆದರೆ ಪ್ರೀತಿಯಿಲ್ಲದ ಕಾಯ್ದೆಯೂ ಬಹುಕಾಲ ನಿಲ್ಲದು ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನಗಳಿವೆ. ಕಾವೇರಿಯ ರಂಗನತಿಟ್ಟು 1940ರಲ್ಲಿ ಸಾಲಿಂ ಅಲಿಯವರ ಸಲಹೆಯಿಂದ ಪಕ್ಷಿಧಾಮವಾಯಿತು; ಅಲ್ಲಿನ ನಡುಗಡ್ಡೆಗಳು ಹದಿನೇಳನೆಯ ಶತಮಾನದ ಒಂದು ಕಟ್ಟೆಯಿಂದ ಉಂಟಾದವು. ಮನುಷ್ಯನ ಕೃಷಿಯೇ ಹಕ್ಕಿಗೆ ನೆಲೆ ಕೊಟ್ಟಿತೆಂಬುದು ಇದರಿಂದ ಸ್ಪಷ್ಟ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ ಮೊದಲಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ; ಹಕ್ಕಿಗಳ ಬರವನ್ನು ಊರವರು ಶುಭವೆಂದು ಎಣಿಸುತ್ತಾರೆ. ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ ‘ಸಮುದಾಯ ಮೀಸಲು’ ಎಂಬ ಹೊಸ ಬಗೆ ಬಂದಿತು. 2007ರಲ್ಲಿ ಈ ಊರಿಗೆ ಆ ಮಾನ್ಯತೆ ದೊರೆಯಿತು. ಹಕ್ಕಿಯ ಹೆಸರನ್ನು ಊರೇ ತನ್ನ ಹೆಸರಿಗೆ ಸೇರಿಸಿಕೊಂಡುದು ಕಾಯ್ದೆಗಿಂತ ಬಹು ಹಿಂದಿನ ಮಾತು. ಅಲ್ಲಿ ಹಕ್ಕಿ ಅತಿಥಿಯಲ್ಲ, ಬಾಣಂತನಕ್ಕೆ ತವರಿಗೆ ಬಂದ ಮಗಳು.

ಠಾಣೆಯ ಖಾಡಿ ಕೊಕ್ಕರೆ ಬೆಳ್ಳೂರಾಗಲಾರದು. ಲಕ್ಷಾಂತರ ಜನರ ನಗರಕ್ಕೂ ಒಂದು ಹಳ್ಳಿಗೂ ಹೋಲಿಕೆ ಹೊಂದದು. ಆದರೆ ಆ ಹಳ್ಳಿಯಲ್ಲಿ ಹಕ್ಕಿಯ ಹೆಸರೂ ನೆಲದ ಬದುಕೂ ಒಂದೇ ಮಾತಿನೊಳಗೆ ಇವೆ. ಇಲ್ಲಿ ಅವು ಅಗಲಿವೆ. ಅವನ್ನು ಕೂಡಿಸುವ ಕೆಲಸ ಅರಣ್ಯಾಧಿಕಾರಿಯೊಬ್ಬನದೇ ಅಲ್ಲ, ಭಾಷೆಯದೂ ಹೌದು. ಮರಾಠಿಯ ಕೋಳಿ ಜನರಲ್ಲಿ ಕೆಸರಿಗೂ ಗಾಳಿಗೂ ಮೀನಿಗೂ ಇರುವ ಮಾತುಗಳನ್ನೂ, ಅಘನಾಶಿನಿಯ ದಂಡೆಯಲ್ಲಿ ಅದೇ ವಸ್ತುಗಳಿಗೆ ಇರುವ ಕನ್ನಡ ಮಾತುಗಳನ್ನೂ ಒಂದೆಡೆ ಕೂಡಿಸಬಲ್ಲವರು ಎರಡೂ ದಂಡೆಗಳನ್ನು ಬಲ್ಲ ಹೊರನಾಡ ಕನ್ನಡಿಗರೇ. ಮಂದಣ್ಣನ ಅರಿವಿಗೆ ಕರ್ವಾಲೊ ತಲೆಬಾಗಿದಂತೆ ಕೋಳಿ ಹೆಂಗಸಿನ ಅರಿವಿಗೆ ತಲೆಬಾಗುವ ಕಥೆ ಇಲ್ಲಿ ಹುಟ್ಟಬೇಕಾಗಿದೆ. ವಿಮರ್ಶೆಯೂ ತನ್ನ ಮಾನದಂಡವನ್ನು ತಿದ್ದಿಕೊಳ್ಳಬೇಕು. ಪ್ರಕೃತಿಯನ್ನು ಕುರಿತ ಕೃತಿ ಮುಂದೆ ಬಂದಾಗ, ವರ್ಣನೆ ಎಷ್ಟು ಸೊಗಸಾಗಿದೆ ಎಂದು ಕೇಳುವುದರ ಜೊತೆಗೆ, ಈ ಹಕ್ಕಿ ಏನನ್ನು ತಿಂದು ಬದುಕಿತು, ಅದರ ಕೆಸರನ್ನು ಕಾಯ್ದವರು ಯಾರು, ಆ ಕೆಸರು ಯಾರ ಹೆಸರಿನಲ್ಲಿ ದಾಖಲಾಗಿದೆ ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ನಿಲ್ಲುವ ಕೃತಿ ಅಲ್ಪವಾದರೂ ಸತ್ತ್ವಯುತವಾದುದು. ಇವಕ್ಕೆ ನಿಲ್ಲುವ ಅಭಯಾರಣ್ಯವೇ ರಾಜಹಂಸ ಬಾರದ ವರ್ಷದಲ್ಲಿಯೂ ಅಭಯಾರಣ್ಯವಾಗಿ ಉಳಿದೀತು.